ಅರ್ಧಕ್ಕೆ ನಿಂತ ತುಲಾಭಾರ

ಯಾವನೋ ಮಂತ್ರಿ ಕೊಲ್ಲಾಪುರಕ್ಕೆ ಬಂದ ದಿನ ನಮ್ಮ ಇಚಲಕರಂಜಿಯ ಮೇಲೆ ಹೆಲಿಕಾಪ್ಟರ್ ಹಾರಿದರೆ ಸಾಕು, ಒಲೆಯ ಮೇಲಿನ ಒಗ್ಗರಣೆ ಬಿಟ್ಟು ಮಾಳಿಗೆಗೆ ಓಡುತ್ತೇನೆ. ಅದು ಮರೆಯಾದ ಮೇಲೂ ಕೆಳಗಿಳಿಯಲು ಮನಸ್ಸಾಗುವುದಿಲ್ಲ. ಮೊಮ್ಮಕ್ಕಳಿಗೆ ಇದೊಂದು ತಮಾಷೆ. ಅವರು ನನ್ನ ಅಣ್ಣನನ್ನು ನೋಡಿದವರಲ್ಲ.

ಅಣ್ಣ ಸೈನ್ಯದಲ್ಲಿ ಹೆಲಿಕಾಪ್ಟರ್ ನಡೆಸುತ್ತಿದ್ದ. ಗಡಿಯಲ್ಲಿ ಯುದ್ಧ ನಡೆದ ಒಂದು ಬೇಸಿಗೆಯಲ್ಲಿ ಹಿಮದ ಗುಡ್ಡಗಳಿಂದ ಗಾಯಾಳುಗಳನ್ನು ಇಳಿಸಿ ತರುವುದು ಅವನ ಕೆಲಸ. ಇತ್ತ ಗಡಹಿಂಗ್ಲಜದ ನನ್ನ ತವರುಮನೆಯಲ್ಲಿ ಅವ್ವ, ಮಗ ತಿರುಗಿ ಬಂದರೆ ಅವನ ತೂಕದಷ್ಟು ಬೆಲ್ಲ ತೂಗಿಸುತ್ತೇನೆಂದು ದೇವರಿಗೆ ಹರಕೆ ಹೊತ್ತಳು. ನಮ್ಮದು ಬೆಲ್ಲದ ಅಡತಿ ಅಂಗಡಿ, ಅವಳಿಗೆ ಬೇರೇನು ಹೊಳೆಯಬೇಕು?

ಯುದ್ಧ ಮುಗಿದು ಅಣ್ಣ ರಜೆಗೆ ಬಂದ. ಆದರೆ ಒಂದು ಕಡೆ ಕೂತರೆ ಕೇಳಿ! ಮೋಟರ್‌ಸೈಕಲ್ ಹತ್ತಿ ಕೊಲ್ಲಾಪುರದವರೆಗೆ ಹೋಗುತ್ತಿದ್ದ, ಚಹಾ ಸಹ ಕುಡಿಯದೆ ಮರಳುತ್ತಿದ್ದ. ಮನೆಗೆ ಬಂದವರನ್ನೆಲ್ಲ ಅಡಿಯಿಂದ ಮುಡಿಯವರೆಗೆ ನೋಡಿ ಇಷ್ಟು ಕಿಲೋ ಎನ್ನುತ್ತಿದ್ದ, ಆಮೇಲೆ ಅಂಗಡಿಯ ಕಾಟಾದ ಮೇಲೆ ನಿಲ್ಲಿಸಿ ತೂಗಿ ನೋಡುತ್ತಿದ್ದ. ನಮ್ಮ ಸೋದರತ್ತೆಯಂತೂ ಸಿಟ್ಟಾಗಿ ಊಟ ಮಾಡದೆ ಹೋದಳು. ನಾವು ನಕ್ಕೆವು. ಅಂದಾಜು ತಪ್ಪಿದ ದಿನ ಮಾತ್ರ ಅಣ್ಣ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಇದೆಂಥ ಹುಚ್ಚು ಎಂದು ನನಗೆ ಮೈ ಉರಿಯುತ್ತಿತ್ತು.

ಒಂದು ಸೋಮವಾರ ಹರಕೆ ತೀರಿಸಲೆಂದು ಗುಡಿಯಲ್ಲಿ ದೊಡ್ಡ ತಕ್ಕಡಿ ಕಟ್ಟಿದರು. ಅಣ್ಣ ಒಂದು ತಟ್ಟೆಯಲ್ಲಿ ಕೂತ. ಎದುರಿನ ತಟ್ಟೆಗೆ ಬೆಲ್ಲದ ಪೆಂಟೆಗಳನ್ನು ಏರಿಸತೊಡಗಿದರು. ತನ್ನ ತಟ್ಟೆ ನೆಲ ಬಿಟ್ಟು ಅಲುಗಿದ್ದೇ ತಡ, ಅಣ್ಣ ಧಡಕ್ಕನೆ ಇಳಿದುಬಿಟ್ಟ. ನೆರೆದವರಲ್ಲಿ ಗುಸುಗುಸು ಎದ್ದಿತು. ಹರಕೆ ಅರ್ಧಕ್ಕೆ ನಿಲ್ಲಬಾರದೆಂದು ಅವ್ವ ಅವನ ಕೈ ಹಿಡಿದು ಬೇಡಿಕೊಂಡಳು.

ಆಗ ಹೇಳಿದ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಭಾರ ಹೆಚ್ಚಾದರೆ ಹೆಲಿಕಾಪ್ಟರ್ ಮೇಲೇಳುವುದಿಲ್ಲ. ಗಾಯಗೊಂಡ ಹುಡುಗರು ಇಬ್ಬರಿದ್ದರು. ಒಬ್ಬನನ್ನು ಹತ್ತಿಸಿಕೊಂಡ. ಇನ್ನೊಬ್ಬನಿಗೆ ಈಗ ಬಂದೆ ಎಂದು ಹೇಳಿ ಹೊರಟ. ಮತ್ತೆ ಹೋಗುವಷ್ಟರಲ್ಲಿ ಆ ಹುಡುಗ ತೀರಿಕೊಂಡಿದ್ದ.

“ಅಲ್ಲಿ ಕಾಟಾ ಎಲ್ಲಿಂದ ಬರಬೇಕವ್ವಾ? ಕಣ್ಣಳತಿ ಮ್ಯಾಲೆ ಬ್ಯಾಡ ಅಂದೆ. ಅಂವನೂ ಬರ್ತಿದ್ನೋ ಏನೋ.”

ಅವ್ವ ಅವನ ಕೈ ಬಿಟ್ಟು ಬೆಲ್ಲದ ತಟ್ಟೆಯತ್ತ ತಿರುಗಿದಳು. ಆಮೇಲೆ, “ಒಬ್ಬಾಂವ ಉಳದಾನಲ್ಲ, ಅವನ ತೂಕದ ಬೆಲ್ಲ ತೂಗೂಣ. ಎಷ್ಟಿದ್ದ ಹೇಳು,” ಎಂದಳು.

“ಅಂವಂದು ನೆನಪಿಲ್ಲ. ಬಿಟ್ಟು ಬಂದಾಂವಂದು ಅರವತ್ತೆಂಟು ಅಂತ ಹಿಡದಿದ್ದೆ.”

ಅವ್ವ ಬೆಲ್ಲ ಇಳಿಸಲು ಹೇಳಿದಳು. ಆ ಹುಡುಗನ ತಾಯಿಯೂ ಏನಾದರೂ ಹರಕೆ ಹೊತ್ತಿರುತ್ತಾಳೆ ಎಂದಷ್ಟೇ ಅಂದು ಮನೆಯ ದಾರಿ ಹಿಡಿದಳು. ರಜೆ ಮುಗಿಯುವ ಮೊದಲೇ ಅಣ್ಣ ಹೊರಟುಹೋದ.

ಈಗ ಅವ್ವ, ಅಣ್ಣ ಇಬ್ಬರೂ ಇಲ್ಲ. ನಿವೃತ್ತನಾಗಿ ಬಂದ ಅಣ್ಣನನ್ನು ಕಾಯಿಲೆ ಕರೆದೊಯ್ದಿತು. ಅದಕ್ಕೂ ಮೊದಲೇ ಹೋದ ಅವ್ವ, ಹೋಗುವಾಗ ಆ ಹರಕೆ ತೀರಿಸದೆ ಬಿಡಬೇಡವೆಂದು ನನಗೆ ಹೇಳಿದ್ದಳು. ಗಡಹಿಂಗ್ಲಜಕ್ಕೆ ಹೋದಾಗಲೆಲ್ಲ ಗುಡಿಯ ಬಾಗಿಲವರೆಗೆ ಹೋಗಿ ತಿರುಗಿ ಬರುತ್ತೇನೆ. ಯಾರ ತೂಕದ ಬೆಲ್ಲ ಒಯ್ಯಬೇಕೆಂಬುದು ನನಗೆ ಇನ್ನೂ ತಿಳಿದಿಲ್ಲ.