ಪಟ್ಟಿಯ ಮೇಲಿನ ಸ್ವಿಚ್ಚು

ನಾನು ವೈರ್‌ಮನ್ ಮಗಳು. ಒಂದು ಬಲ್ಬು ಬದಲಿಸಬೇಕಾದರೂ ಮೊದಲು ಇಡೀ ಮನೆಯ ಮೇನ್ ಆಫ್ ಮಾಡುತ್ತೇನೆ. ಅಪ್ಪ ಹಾಗೆ ಕಲಿಸಿದ್ದರು. ಕತ್ತಲಲ್ಲಿ ಕೂತು ಅಜ್ಜಿ ಎಷ್ಟು ಗೊಣಗಿದರೂ ಜಗ್ಗುತ್ತಿರಲಿಲ್ಲ. ಜೀವ ಉಳಿಸುವ ಈ ಅಭ್ಯಾಸ ಒಂದು ದಿನ ನನ್ನ ಮಾನ ಹರಾಜು ಹಾಕೀತು ಎಂದು ಮಾತ್ರ ಅವರು ಹೇಳಿರಲಿಲ್ಲ.

ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಲಗ್ನಪತ್ರಿಕೆ ಟೈಪ್ ಮಾಡುವ ಅಂಗಡಿ. ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡಿದ್ದೇನೆ. ಯಾರೂ ಕೇಳದಿದ್ದರೂ ಹೇಳಿಕೊಳ್ಳುವಷ್ಟು ಜಂಬ ಅದರ ಬಗ್ಗೆ. ಅದಕ್ಕೆ ಎಕ್ಸ್‌ಟೆನ್ಶನ್ ಎಂಬ ಪುಟ್ಟ ಸೇರ್ಪಡೆಗಳನ್ನು ಜೋಡಿಸಬಹುದು. ನಾನು ಹದಿನಾರು ಜೋಡಿಸಿದ್ದೆ. ಹದಿನೈದು ಬರೀ ಚೆಂದಕ್ಕೆ. ಕೆಲಸಕ್ಕೆ ಬರುವುದು ಒಂದೇ. ನಾನು ಕಟ್ ಮಾಡಿದ್ದು, ಕಾಪಿ ಮಾಡಿದ್ದನ್ನೆಲ್ಲ, ಕಂಪ್ಯೂಟರ್ ಆಫ್ ಆದರೂ ನೆನಪಿಟ್ಟುಕೊಂಡು ಕೇಳಿದಾಗ ಕೊಡುವಂಥದ್ದು.

ಮೊನ್ನೆ ಕಂಪಲಾಪುರದ ಪುಟ್ಟಸ್ವಾಮಣ್ಣ ಮಗಳ ಮದುವೆ ಪತ್ರಿಕೆಗೆಂದು ಬಂದರು. ಅವರಿಗೂ ಎನ್. ಬೇಗೂರಿನಲ್ಲಿ ನೆಲೆಸಿರುವ ಅವರ ಅಣ್ಣನಿಗೂ ಒಂದು ಬೋರ್‌ವೆಲ್ ವಿಷಯಕ್ಕೆ ಒಂಬತ್ತು ವರ್ಷದಿಂದ ಮಾತಿಲ್ಲ. ಈಗ ನೆಂಟರು ನಡುವೆ ಬಿದ್ದು, ಸುಖಾಗಮನ ಬಯಸುವವರ ಸಾಲಿನಲ್ಲಿ ಎರಡೂ ಮನೆಯ ನಲವತ್ತಮೂರು ಹೆಸರು ಕೂಡಿಸಿ ಹಾಕಿಸುವುದೆಂದು ತೀರ್ಮಾನವಾಗಿತ್ತು. ಯಾರ ಹಿಂದೆ ಯಾರು ಎಂಬುದಕ್ಕೇ ಮೂರು ಪಂಚಾಯ್ತಿ. ಒಪ್ಪಿತವಾದ ಪಟ್ಟಿಯನ್ನು ನಾನು ಟೈಪ್ ಮಾಡಿದ ಕೂಡಲೇ ಪುಟ್ಟಸ್ವಾಮಣ್ಣ ತಂದಿದ್ದ ಚೀಟಿಯನ್ನು ಚೂರುಚೂರು ಹರಿದರು. ನಮ್ಮ ಕಡೆ ಹಾಗೇ. ಯಾರ ಹೆಸರು ಹೊಡೆದು ಕೆಳಗಿಳಿಸಿದ್ದರು ಎಂಬ ಗುರುತು ಉಳಿಯಬಾರದು. ಹನ್ನೆರಡೂವರೆ ಬಸ್ಸಿಗೆ ಅಣ್ಣ ಬಂದು ಪ್ರೂಫ್ ನೋಡಿ ಒಪ್ಪಿದರೆ ಮುಗಿಯಿತು.

ಹಳೆಯ ಶಾಸನಗಳ ಕೊನೆಯಲ್ಲಿ ಸಾಕ್ಷಿಗಳ ಹೆಸರು ಸಾಲಾಗಿ ಇರುತ್ತದಲ್ಲ, ಆ ಸಾಲಿಗೂ ಆಗ ಜಗಳ ನಡೆದೇ ಇರಬೇಕು. ಆದರೆ ಕಲ್ಲು ಕೊರೆಯುವವನ ಹತ್ತಿರ ಕಟ್ ಬಟನ್ ಇರಲಿಲ್ಲ, ಪುಣ್ಯವಂತ. ನನ್ನ ಹತ್ತಿರ ಇತ್ತು. ಪಟ್ಟಿಯನ್ನು ಕಟ್ ಮಾಡಿದೆ, ಕೈ ಅಭ್ಯಾಸಕ್ಕೆ ಖಾಲಿ ಫೈಲನ್ನು ಸೇವ್ ಮಾಡಿ ಮುಚ್ಚಿದೆ, ಪತ್ರಿಕೆಯೊಳಗೆ ಅಂಟಿಸಬೇಕು ಎನ್ನುವಷ್ಟರಲ್ಲಿ ಪರದೆ ನಿಂತೇ ಹೋಯಿತು.

ಆಫ್ ಮಾಡಿ ಆನ್ ಮಾಡಿದೆ. ಇದು ಎಕ್ಸ್‌ಟೆನ್ಶನ್‌ಗಳದೇ ಕಿತಾಪತಿ ಎಂದುಕೊಂಡು ಅವುಗಳ ಪಟ್ಟಿ ತೆರೆದು ಏನೇನೋ ಒತ್ತಿದೆ. ಆಮೇಲೆ ನೆನಪಿನ ಎಕ್ಸ್‌ಟೆನ್ಶನ್ ಆನ್ ಮಾಡಲು ಹೋದರೆ ಅದು ಬಣ್ಣಗೆಟ್ಟು ಕೂತಿದೆ. ಒತ್ತಿದರೆ ಅಲುಗುವುದಿಲ್ಲ. ಲಾಗ್ ಔಟ್ ಮಾಡಿ ಬಂದೆ, ಇಲ್ಲ. ಇನ್ನೊಮ್ಮೆ ರೀಸ್ಟಾರ್ಟ್ ಮಾಡಿದೆ, ಇಲ್ಲ. ಗಂಟೆ ಹನ್ನೆರಡು ದಾಟಿತ್ತು. ಅಂಗೈ ಬೆವರಿ ಮೌಸ್ ಜಾರುತ್ತಿತ್ತು.

"ಯಾಕವ್ವ, ಬೆವೆತು ಹೋದೆ?" ಎಂದರು ಪುಟ್ಟಸ್ವಾಮಣ್ಣ.

ಹೇಳಲೇಬೇಕಾಯಿತು. ಅವರ ಮುಖ ಇಳಿಯಿತು.

"ಹೆಸ್ರೆಲ್ಲಾ ನೆಪ್ಪವೆ ಕಣವ್ವ. ಯಾರ ಹಿಂದೆ ಯಾರು ಅನ್ನೋದೇ ನೆಪ್ಪಿಲ್ಲ. ಒಂದೆಸ್ರು ಆಚೀಚೆ ಆದ್ರೂ ನಮ್ಮಣ್ಣ ಬಂದ ಬಸ್ಸಿಗೇ ವಾಪಸ್ ಹೊಂಟೋಯ್ತಾನೆ."

ನನಗೆ ನನ್ನ ಮೇಲೇ ಸಿಟ್ಟು ಬಂತು. ಉಳಿದದ್ದು ಒಂದೇ ದಾರಿ, ಆ ಎಕ್ಸ್‌ಟೆನ್ಶನ್ ಕಿತ್ತುಹಾಕಿ ಹೊಸದಾಗಿ ಹಾಕುವುದು. ಕಿತ್ತರೆ ಅದರ ನೆನಪೂ ಹೋಗಬಹುದು. ತೆಗೆದುಹಾಕುವ ಬಟನ್ ಮೇಲೆ ಬಾಣದ ಗುರುತನ್ನು ತಂದು, ಒತ್ತಲು ಬೆರಳು ಎತ್ತಿದೆ.

"ತಡಿಯವ್ವ," ಎಂದು ಅವರು ಸ್ಟೂಲನ್ನು ಹತ್ತಿರ ಎಳೆದುಕೊಂಡರು. "ಕೆಳ್ಗಿನವನ್ನೆಲ್ಲಾ ಒತ್ತಿದ್ದೀಯ. ಎಲ್ಲಾದ್ಕಿಂತ ಮೇಲ್ಗಡೆ ಒಂದು ಐತಲ್ಲ, ಅದ್ಯಾವ ಸ್ವಿಚ್ಚು?"

ನೋಡಿದೆ. ಅದು ಎಲ್ಲ ಎಕ್ಸ್‌ಟೆನ್ಶನ್‌ಗಳಿಗೂ ಸೇರಿದ ಒಂದೇ ಸ್ವಿಚ್ಚು. ಆಫ್ ಆಗಿತ್ತು. ರಿಪೇರಿಗೆ ಕೈ ಹಾಕುವ ಮೊದಲು ವೈರ್‌ಮನ್ ಮಗಳು ನಿಷ್ಠೆಯಿಂದ ಮೇನ್ ಆಫ್ ಮಾಡಿ, ಮಾಡಿದ್ದನ್ನು ಮರೆತೇಬಿಟ್ಟಿದ್ದಳು.

"ಮೇನೇ ಆಫಾಗಿದ್ರೆ ಸ್ಟಾರ್ಟರ್ ಎಷ್ಟು ಒತ್ತಿದ್ರೆ ಮೋಟ್ರು ತಿರುಗ್ತದವ್ವ?" ಎಂದರು, ವರ್ಷಗಟ್ಟಲೆ ಪಂಪ್‌ಸೆಟ್ಟಿನ ಜೊತೆ ಗುದ್ದಾಡಿದವರು.

ಆನ್ ಮಾಡಿದೆ. ಹದಿನಾರೂ ಒಟ್ಟಿಗೆ ಎದ್ದವು. ನಲವತ್ತಮೂರು ಹೆಸರು ಸಾಲು ತಪ್ಪದೆ ಬಂದವು. ಅಂಟಿಸಿದೆ, ಸೇವ್ ಮಾಡಿದೆ, ಪ್ರಿಂಟ್ ತೆಗೆಯುವಷ್ಟರಲ್ಲಿ ಬಾಗಿಲಲ್ಲಿ ಅವರಣ್ಣ ನಿಂತಿದ್ದರು.

ನಮಸ್ಕಾರವಿಲ್ಲ, ಮಾತಿಲ್ಲ. ಪುಟ್ಟಸ್ವಾಮಣ್ಣ ಸ್ಟೂಲು ಬಿಟ್ಟು ಎದ್ದರು, ಅಣ್ಣ ಕೂತರು. ಪ್ರೂಫ್ ಕೈಯಲ್ಲಿ ಹಿಡಿದು, ಜೇಬು ತಡಕಿ, "ಕನ್ನಡಕ ತಂದಿಲ್ಲ. ನೀನೇ ಓದ್ಲಾ" ಎಂದರು. ಒಂಬತ್ತು ವರ್ಷದ ಮೇಲೆ ಅವರಾಡಿದ ಮೊದಲ ಮಾತು ಅದು.

ತಮ್ಮ ನಿಂತುಕೊಂಡೇ ಓದಿದರು. ಒಂದೊಂದು ಹೆಸರಿಗೂ ಅಣ್ಣನ ಮುಖ ನೋಡುವುದು, ಮುಂದಕ್ಕೆ ಹೋಗುವುದು. ನಲವತ್ತಮೂರೂ ಮುಗಿದವು. ಅಣ್ಣ ತಲೆಯಾಡಿಸಿದರು.

"ಎಲ್ಲಾ ಸರಿ ಐತೆ. ಅಪ್ಪನ ಹೆಸ್ರು ಎಲ್ಲಿ?"

ತೀರಿಹೋದ ಅವರಪ್ಪನ ಹೆಸರು ಮೂರು ಪಂಚಾಯ್ತಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ತಮ್ಮ ಹಾಳೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದರು. "ಮರ್ತೇಬುಟ್ಟೆ ಕಣಣ್ಣ" ಎಂದರು.

"ನಾನೂ ಮರ್ತಿದ್ದೆ ಬುಡು," ಎಂದರು ಅಣ್ಣ. "ಎಲ್ಲಾದ್ಕಿಂತ ಮೇಲೆ ಹಾಕವ್ವ."

ಹಾಕಿದೆ. ಇಬ್ಬರೂ ನನ್ನ ಹೆಗಲ ಮೇಲಿಂದ ಬಗ್ಗಿ ಪರದೆಯನ್ನೇ ನೋಡುತ್ತಿದ್ದರು. ಹೊಸ ಪ್ರಿಂಟ್ ಬಂದ ಮೇಲೆ ಪುಟ್ಟಸ್ವಾಮಣ್ಣ ಅಭ್ಯಾಸದಂತೆ ಹಳೆಯ ಪ್ರೂಫನ್ನು ಹರಿಯಲು ಹಿಡಿದುಕೊಂಡರು.

ಅಣ್ಣ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಮಡಿಸಿ ಜೇಬಿಗಿಟ್ಟುಕೊಂಡರು. "ಹರೀಬ್ಯಾಡ ಕಣ್ಲಾ. ಏನ್ ಮರ್ತಿದ್ವಿ ಅನ್ನೋದು ಇರ್ಲಿ."