ಲೆಕ್ಕಕ್ಕೆ ಹಿಡಿಯದ ರೊಟ್ಟಿ

ನಾನು ಬಿ.ಎ. ಆಗುವುದು ಸಾಧ್ಯವೇ ಇಲ್ಲ ಎಂದು ಹೇಳಿದವರು ನಮ್ಮೂರು ಅಡರಕಟ್ಟಿಯ ಗೌಡರು. ಹೇಳಿದ್ದು ಗದಗಿನಲ್ಲಿ, ನನ್ನ ಕಾಕಾನ ಒಂದೇ ಖೋಲಿಯ ಮನೆಯಲ್ಲಿ ಕೂತು, ಕಾಕಾನ ರೊಟ್ಟಿ ಮುರಿಯುತ್ತ.

"ನಿಮ್ಮ ಮನಿತನದಾಗ ಅದು ಆಗೂ ಮಾತಲ್ಲ ಬಿಡೋ."

"ಆಕ್ಕೈತ್ರಿ ಗೌಡ್ರ. ಇನ್ನೊಂದು ರೊಟ್ಟಿ ಹಾಕಿಸ್ಕೋರಿ," ಎಂದ ಕಾಕಾ.

ಅವನ ಹುಬ್ಬಿಗೆ, ಮೀಸೆಗೆ, ಕಿವಿಯ ಕೂದಲಿಗೆ ಸದಾ ಅರಳೆಯ ಎಳೆ ಅಂಟಿರುತ್ತಿತ್ತು. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನಲ್ಲಿ ತೂಕ ಬರೆದುಕೊಳ್ಳುವ ಕೆಲಸ. ನಮ್ಮೂರಿಂದ ಹೋಗಿ ತಿಂಗಳ ಪಗಾರ ಹಿಡಿದವನು ಅವನೊಬ್ಬನೇ. ಅವನ ಮನೆಯಲ್ಲಿದ್ದೇ ನಾನು ಹೈಸ್ಕೂಲು ಓದಿದೆ. ಹತ್ತಿ ಮಾರಲು, ಕೋರ್ಟಿಗೆ, ದವಾಖಾನೆಗೆ ಎಂದು ಬಂದ ಊರವರೆಲ್ಲ ಇಳಿಯುತ್ತಿದ್ದುದೂ ಅಲ್ಲೇ. ಅವರು ಒಳಗೆ ಮಲಗಿದರೆ ನಾವು ಹೊರಗೆ ಕಟ್ಟೆಯ ಮೇಲೆ. ಬರುವಾಗ ಒಂದು ಸೇರು ಜೋಳ ತಂದವರನ್ನು ನಾನು ಕಾಣೆ. ಪಗಾರದವನ ಮನೆಗೆ ಜೋಳ ಹೊತ್ತು ಹೋದರೆ ಅವನಿಗೇ ಅವಮಾನವಂತೆ!

ಸ್ವಾತಂತ್ರ್ಯ ಬಂದ ವರ್ಷ ಮ್ಯಾಟ್ರಿಕ್ ಮುಗಿಸಿದೆ. ನನ್ನನ್ನು ಧಾರವಾಡದ ಕಾಲೇಜಿಗೆ ಕಳಿಸಲೇಬೇಕೆಂದು ಕಾಕಾ ಬೆರಳು ಮಡಿಚುತ್ತ ಅಂದಾಜು ಹಾಕಿದ: ಬಾಡಿಗೆ, ಜೋಳ, ಕಟ್ಟಿಗೆ, ಚಿಮಣಿ ಎಣ್ಣೆ, ನನ್ನ ಫೀ.

"ತಿಂಗಳಿಗೆ ಎಂಬತ್ತು ರೂಪಾಯಿ ಇದ್ರ ಗದಗಿನ್ಯಾಗ ಆರಾಮ ಇರಬಹುದು ನೋಡು."

ಒಲೆಯ ಮುಂದಿದ್ದ ಕಾಕಾನ ಹೆಂಡತಿ, ನನ್ನ ಚಿಗವ್ವ, ಈ ಕಡೆ ತಿರುಗಲೂ ಇಲ್ಲ. "ಬಂದು ಹೋಗೋರ ಊಟ ಲೆಕ್ಕಕ್ಕ ಹಿಡದ್ರ್ಯೋ ಇಲ್ಲೋ?"

"ಅದನ್ನೂ ಹಿಡೀತಾರೇನ? ಅವ್ರೇನು ಹೊರಗಿನವ್ರ?"

"ಹಂಗಾದ್ರ ಹಿಡೀಬ್ಯಾಡ್ರಿ. ಅವ್ರಿಗೆ ಗಾಳಿ ನೀಡ್ತೀನಿ."

ಕಾಕಾ ನಕ್ಕುಬಿಟ್ಟ. ಅವನ ಪಗಾರ ಅರವತ್ತು. ಉಳಿದ ಇಪ್ಪತ್ತಕ್ಕಾಗಿ, ಅರಳೆ ಬಿಗಿದು ಗಂಟು ಕಟ್ಟುವ ಕೋಣೆಯಲ್ಲಿ ಎರಡನೇ ಪಾಳಿ ಹಿಡಿದ. ಅಲ್ಲಿ ಉಸಿರಾಡಿದರೆ ಬರೀ ಧೂಳು. ಪಗಾರ ಎಂಬತ್ತಾಯಿತೆಂದು ಊರಿಗೆ ಖಬರು ಹೋಯಿತು, ಬರುವವರೂ ಹೆಚ್ಚಾದರು. ನಾನು ರಜೆಗೆ ಬಂದಾಗ ಕಾಕಾ ಕೆಮ್ಮುತ್ತಲೇ ಎಲ್ಲರಿಗೂ ನೀಡುತ್ತಿದ್ದ.

"ಕಾಕಾ, ಇವ್ರಿಗೆ ಖಾನಾವಳಿ ಇಲ್ಲೇನು?" ಎಂದೆ.

"ಕಾಲೇಜಿಗೆ ಹೋಗಿ ಇದನ್ನ ಕಲ್ತ್ಯಾ ಲೇ?" ಎಂದ. ಜೀವಮಾನದಲ್ಲಿ ಅವನು ನನ್ನನ್ನು ಗದರಿಸಿದ್ದು ಅದೊಂದೇ ಸಲ.

ನನ್ನ ಕೊನೆಯ ಪರೀಕ್ಷೆಗೆ ಮೊದಲೇ ಕಾಕಾ ಅದೇ ಕೆಮ್ಮಿನಲ್ಲಿ ತೀರಿಹೋದ. ಮಣ್ಣಿಗೆ ಬಂದ ಊರವರು, "ಪ್ಯಾಟ್ಯಾಗ ಆರಾಮ ಇದ್ದ, ಪುಣ್ಯವಂತ" ಎಂದರು. ಗೌಡರು ನಿಟ್ಟುಸಿರು ಬಿಟ್ಟರು: "ಇನ್ನ ಗದಗಿಗೆ ಬಂದ್ರ ಎಲ್ಲಿ ಇಳಿಯೂದು?" ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಾನು ಬಿ.ಎ. ಆದೆ. ನಮ್ಮ ಮನೆತನದಲ್ಲಿ ಮೊದಲನೆಯವನು. ಇದನ್ನು ಸೊಕ್ಕಿನಿಂದಲೇ ಬರೆಯುತ್ತೇನೆ. ಆ ಸೊಕ್ಕಿಗೆ ಬೆಲೆ ತೆತ್ತವನು ಕಾಕಾ. ಗದಗಿನ ಕಚೇರಿಯೊಂದರಲ್ಲಿ ನೌಕರಿಯೂ ಸಿಕ್ಕಿತು. ಸರ್ಟಿಫಿಕೇಟು ತಂದು ಚಿಗವ್ವನ ಕೈಗೆ ಕೊಟ್ಟೆ. ಅಕ್ಷರ ಬಾರದ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದಳು:

"ಪಗಾರ ಎಷ್ಟಂತ ಊರಾಗ ಯಾರಿಗೂ ಹೇಳಬ್ಯಾಡಪಾ."