ಕಲಕಿದ ಕೈ ಯಾರದು

ನನಗೆ ಸಾರು ಚೆನ್ನಾಗಿ ಬರುವುದಿಲ್ಲ. ಮಾರ್ಟಿನಿ ಚೆನ್ನಾಗಿ ಬರುತ್ತದೆ. ಮೈಸೂರಿನ ಹೆಣ್ಣುಮಗಳೊಬ್ಬಳು ಈ ಎರಡು ವಾಕ್ಯಗಳನ್ನು ಹೀಗೆ ಅಕ್ಕಪಕ್ಕ ಇಟ್ಟು ಬರೆಯಬಾರದು ಎಂದು ನನಗೂ ಗೊತ್ತಿದೆ. ಆದರೆ ಇದನ್ನು ಮುಚ್ಚಿಟ್ಟೇ ನಾನು ಒಂದು ಅನ್ಯಾಯಕ್ಕೆ ಗುರಿಯಾದೆ. ಆ ಸಿಟ್ಟು ಇಷ್ಟು ವರ್ಷಗಳಾದರೂ ಪೂರ್ತಿ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾವು ದುಬೈಗೆ ಹೋದೆವು. ಅಲ್ಲಿನ ಸತ್ವಾ ಬಡಾವಣೆಯಲ್ಲಿ ಸಾಲು ದರ್ಜಿ ಅಂಗಡಿಗಳ ಮೇಲೆ ಮೂರನೆಯ ಮಹಡಿಯಲ್ಲಿ ಮನೆ. ನನ್ನ ಗಂಡ ಶ್ರೀಧರ ಜೆಬೆಲ್ ಅಲಿ ಬಂದರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿದ್ದರು. ನಾನು ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಇವರು ಕುಡಿತದ ವಾಸನೆಗೂ ಹೋದವರಲ್ಲ. ಎದುರು ಮನೆಯ ಲಿಲ್ಲಿಬಾಯಿ ಪರಿಚಯವಾಗುವವರೆಗೆ ನಾನೂ ಹೋದವಳಲ್ಲ.

ಲಿಲ್ಲಿಬಾಯಿ ಮಂಗಳೂರಿನವರು. ಅವರ ಯಜಮಾನರು ಹೋಟೆಲೊಂದರ ಬಾರಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದರು. ಅಲ್ಲಿ ಕಲಿತದ್ದನ್ನೆಲ್ಲ ರಜೆಯ ದಿನ ಮನೆಯಲ್ಲಿ ಹೆಂಡತಿಗೆ ಮಾಡಿ ಕೊಡುತ್ತಿದ್ದರು. ಅಲ್ಲಿ ವಾರದ ರಜೆ ಶುಕ್ರವಾರ. ಒಂದು ಗುರುವಾರ ಸಂಜೆ, ಶಾಲೆ ಮುಗಿಸಿ ಸೋತು ಬಂದವಳನ್ನು ಲಿಲ್ಲಿಬಾಯಿ ಒಳಗೆ ಕರೆದು ಮಾರ್ಟಿನಿಯ ಪುಟ್ಟ ಲೋಟವೊಂದನ್ನು ಕೈಗೆ ಕೊಟ್ಟರು. ಮೊದಲ ಗುಟುಕಿಗೆ ಕಣ್ಣಲ್ಲಿ ನೀರು ಬಂತು. ಮೂರನೆಯ ಗುಟುಕಿಗೆ, ಇದನ್ನು ಹೇಗೆ ಮಾಡುವುದು ಎಂದು ಕೇಳಿದೆ.

ಪದಾರ್ಥ ಎರಡೇ. ಜಿನ್, ಮತ್ತು ವರ್ಮತ್ ಎಂಬ ಗಿಡಮೂಲಿಕೆ ಹಾಕಿದ ಬಿಳಿ ವೈನು. ಆರು ಪಾಲು ಜಿನ್ನಿಗೆ ಒಂದು ಪಾಲು ವರ್ಮತ್. ದಪ್ಪ ಗಾಜಿನ ಜಗ್ಗಿಗೆ ಐಸ್ ತುಂಬಿ, ಎರಡನ್ನೂ ಸುರಿದು, ಉದ್ದ ಹಿಡಿಯ ಚಮಚದಿಂದ ಅವಸರವಿಲ್ಲದೆ ಕಲಕಬೇಕು. ನಾನು ಮೊದಲ ಸಲ ಜಗ್ಗನ್ನೇ ಎತ್ತಿ ಕುಲುಕಲು ಹೋದೆ. ಲಿಲ್ಲಿಬಾಯಿ ಕೈ ಹಿಡಿದರು.

"ಅಲ್ಲಾಡಿಸ್ಬೇಡ ಮಾರಾಯ್ತಿ. ಇದೆಂತ ಮಜ್ಜಿಗೆಯಾ ಕಡಿಲಿಕ್ಕೆ? ಮೆಲ್ಲ ತಿರುಗಿಸು. ಐಸಿಗೆ ಗೊತ್ತೇ ಆಗ್ಬಾರ್ದು."

ಐಸು ಕರಗಿ ಸೇರುವ ಚೂರು ನೀರೇ ಇದರ ಮೂರನೆಯ ಪದಾರ್ಥ. ಅದು ಕಡಿಮೆಯಾದರೆ ಗಂಟಲು ಸುಡುತ್ತದೆ, ಹೆಚ್ಚಾದರೆ ಸಪ್ಪೆ. ಆಮೇಲೆ ಫ್ರೀಜರಿನಲ್ಲಿಟ್ಟ ಲೋಟಕ್ಕೆ ಸೋಸಿ, ಹಳದಿ ನಿಂಬೆಯ ಸಿಪ್ಪೆಯನ್ನು ಮೇಲೆ ಹಿಂಡಿದರೆ ಮುಗಿಯಿತು. ನಲವತ್ತು ಮಕ್ಕಳ ತರಗತಿಯಲ್ಲಿ ವಾರವಿಡೀ ಕೂಗಿ ಬಂದವಳಿಗೆ, ಸದ್ದೇ ಮಾಡಬಾರದೆಂಬ ನಿಯಮವಿರುವ ಈ ಕೆಲಸ ಬಹಳ ಹಿಡಿಸಿತು. ವಾರಕ್ಕೊಂದು ಲೋಟ, ಗುರುವಾರ ಸಂಜೆ. ನಮ್ಮ ಫ್ರೀಜರಿನಲ್ಲಿ ತೆಂಗಿನ ತುರಿಯ ಪೊಟ್ಟಣದ ಪಕ್ಕ ಕೆಲವು ಗಾಜಿನ ಲೋಟಗಳು ಬಂದು ಕುಳಿತವು.

ಇನ್ನು ಸಾರಿನ ವಿಚಾರ. ನಮ್ಮ ಮನೆಯಲ್ಲಿ ಸಾರು ಇವರದು. ಪುಡಿಯನ್ನೂ ತಾವೇ ಹುರಿದು ಮಾಡುತ್ತಾರೆ. ನಾನು ಮಾಡಿದರೆ ಒಂದು ದಿನ ಹುಳಿ ಮುಂದು, ಇನ್ನೊಂದು ದಿನ ಖಾರ ಮುಂದು. ಹೀಗೆ ಒಲೆ ಇವರಿಗೆ, ಫ್ರೀಜರು ನನಗೆ ಎಂದು ಪಾಲಾಗಿ ಸಂಸಾರ ಸುಸೂತ್ರವಾಗಿ ನಡೆದಿತ್ತು.

ಅಷ್ಟರಲ್ಲಿ ಗೋಪಿನಾಥ್ ಊಟಕ್ಕೆ ಬಂದರು. ಅವರು ಇವರ ವಿಭಾಗದ ಮುಖ್ಯಸ್ಥರು, ಬೆಂಗಳೂರಿನವರು. ಕಂಪನಿ ಅಬುಧಾಬಿಯಲ್ಲಿ ಹೊಸ ಶಾಖೆ ತೆರೆಯುವುದಿತ್ತು. ಅದರ ಹೊಣೆ ಯಾರಿಗೆ ಎಂಬುದು ಅವರ ಒಂದು ಮಾತಿನಲ್ಲಿತ್ತು. ಇವರಿಗೆ ಆ ಕೆಲಸದ ಮೇಲೆ ಎಷ್ಟು ಆಸೆಯಿತ್ತೆಂದರೆ, ಎರಡು ವಾರ ನಿದ್ದೆಯಲ್ಲೂ ಅಬುಧಾಬಿ ಎನ್ನುತ್ತಿದ್ದರು. ಗೋಪಿನಾಥ್ ಜೊತೆ ಅವರ ಹೆಂಡತಿ ಶಾಂತಲಾ, ಮತ್ತೆ ಆಫೀಸಿನ ಇನ್ನೆರಡು ಜೋಡಿ.

ನಾನು ಅಡುಗೆಮನೆಯಲ್ಲಿ ಮಾರ್ಟಿನಿ ಕಲಕಿ ಮೂರು ಲೋಟಕ್ಕೆ ಸೋಸಿದೆ. ಇವರು ಬಂದು, "ಟ್ರೇ ನಾನು ತಗೊಂಡ್ಹೋಗ್ತೀನಿ ಬಿಡು," ಎಂದರು. ಒಳ್ಳೆಯ ಗಂಡ ಎಂದುಕೊಂಡೆ. ಟ್ರೇ ನೇರವಾಗಿ ಮೂವರು ಗಂಡಸರ ಮುಂದೆ ನಿಂತಿತು. ಹೆಂಗಸರಿಗೆ ಮಾವಿನ ಹಣ್ಣಿನ ಜ್ಯೂಸು.

ಗೋಪಿನಾಥ್ ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಇನ್ನೊಂದು ಗುಟುಕು ಕುಡಿದರು.

"ಶ್ರೀಧರ್, ಎಲ್ಲಿ ಕಲಿತ್ರಿ ಇದನ್ನ? ಹೋಟೆಲ್‌ಗಳಲ್ಲೂ ಹೀಗೆ ಸಿಗಲ್ಲ."

ಇವರು ಅಡುಗೆಮನೆಯ ಬಾಗಿಲಲ್ಲಿ ನಿಂಬೆ ಸಿಪ್ಪೆ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ಆಮೇಲೆ ಟ್ರೇಯನ್ನು ನೋಡಿದರು. "ಥ್ಯಾಂಕ್ಯೂ ಸರ್. ಹೀಗೇ... ನೋಡ್ಕೊಂಡು ಕಲಿತಿದ್ದು," ಎಂದರು.

ಗೋಪಿನಾಥ್ ಉಳಿದವರ ಕಡೆ ತಿರುಗಿ ವಿವರಿಸತೊಡಗಿದರು. "ಇದಕ್ಕೆ ಗಂಡಸಿನ ಕೈಯೇ ಬೇಕು ನೋಡಿ. ಲೇಡೀಸ್ ಆದ್ರೆ ಸಕ್ಕರೆ ಹಾಕ್ಬಿಡ್ತಾರೆ."

ಎರಡನೆಯ ಸುತ್ತಿಗೆ ಅವರ ಲೋಟಕ್ಕೆ ನಿಜವಾಗಿಯೂ ಎರಡು ಚಮಚ ಸಕ್ಕರೆ ಹಾಕುವ ಯೋಚನೆ ಬಂತು. ಡಬ್ಬಿಯ ಮುಚ್ಚಳ ತೆಗೆದೂ ಇದ್ದೆ. ಆದರೆ ಪಾಪ, ಜಿನ್ ಏನು ತಪ್ಪು ಮಾಡಿತ್ತು?

ಊಟಕ್ಕೆ ಕುಳಿತಾಗ ಗೋಪಿನಾಥ್ ಸಾರನ್ನು ಬಟ್ಟಲಲ್ಲಿ ಹಾಕಿಸಿಕೊಂಡು ಕುಡಿದರು. "ಮೇಡಂ, ಏನ್ ಸಾರು ಇದು. ನಮ್ಮನೇಲಿ ಒಂದಿನವೂ ಹೀಗೆ ಬಂದಿಲ್ಲ," ಎಂದರು. ಪಕ್ಕದಲ್ಲಿದ್ದ ಶಾಂತಲಾ ತಲೆಯೆತ್ತಲಿಲ್ಲ. ನಾನು, "ಇನ್ನೊಂದ್ ಸೌಟು ಹಾಕ್ಲಾ?" ಎಂದೆ.

ಮರುದಿನ ಶುಕ್ರವಾರ ಬೆಳಿಗ್ಗೆ ಲೋಟ ತೊಳೆಯುತ್ತ ಜಗಳ ಶುರುಮಾಡಿದೆ.

"ನನ್ನ ಹೆಂಡ್ತಿ ಮಾಡಿದ್ದು ಅಂತ ಹೇಳೋಕೆ ನಿಮಗೇನಾಗಿತ್ತು?"

"ಏನಂದ್ಕೋತಾರೋ ಅಂತ..."

"ಏನಂದ್ಕೋತಾರೆ?"

ಇವರು ಒಂದು ಲೋಟವನ್ನು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿದರು. "ನೀನೂ ಸಾರು ನಿಂದೇ ಅಂತ ಒಪ್ಕೊಂಡ್ಯಲ್ಲ."

"ನಾನೆಲ್ಲಿ ಒಪ್ಕೊಂಡೆ? ಇನ್ನೊಂದು ಸೌಟು ಹಾಕ್ಲಾ ಅಂದೆ ಅಷ್ಟೆ."

"ಅದೇ ಒಪ್ಕೊಳ್ಳೋದು ಕಣೇ."

ಮಾತು ನಿಜವಾದ್ದರಿಂದ ಮಧ್ಯಾಹ್ನದವರೆಗೆ ನನಗೆ ಉತ್ತರ ಸಿಗಲಿಲ್ಲ. ಮಧ್ಯಾಹ್ನದ ಮೇಲೆ ಸಿಕ್ಕಿತು. ಸಾರಿನ ಸುಳ್ಳಿನಿಂದ ಉಳಿದದ್ದು ಇವರ ಮರ್ಯಾದೆ. ಜಿನ್ನಿನ ಸುಳ್ಳಿನಿಂದ ಉಳಿದದ್ದೂ ಇವರ ಮರ್ಯಾದೆ. ಎರಡರಿಂದಲೂ ನನಗೆ ಉಳಿದದ್ದು ತೊಳೆಯುವ ಪಾತ್ರೆ. ಇದನ್ನು ಹೇಳಲು ಹೋದರೆ ಇವರು ಮಲಗಿ ಗೊರಕೆ ಹೊಡೆಯುತ್ತಿದ್ದರು.

ಆ ವಾರವೆಲ್ಲ ಶಾಲೆಯಲ್ಲಿ ಭೂಪಟದ ಮುಂದೆ ನಿಂತರೂ ತಲೆಯಲ್ಲಿ ಅದೇ. ಸಮುದ್ರ ಮಥನದ ಕಥೆ ನೆನಪಾಯಿತು. ದೇವತೆಗಳೂ ದಾನವರೂ ಕಡಲನ್ನು ಕಡೆದರು. ಅದರಿಂದ ಸುರೆಯೂ ಬಂತು, ಅಮೃತವೂ ಬಂತು. ಹಂಚುವ ಹೊತ್ತಿಗೆ ಮೋಹಿನಿ ಬಂದು ಸಾಲಾಗಿ ಕೂರಿಸಿ ಬಡಿಸಿದಳು. ಸದ್ಯ, ಪುರಾಣದಲ್ಲಾದರೂ ಲೋಟದ ಉಸ್ತುವಾರಿ ಒಬ್ಬ ಹೆಂಗಸಿಗೆ ಸಿಕ್ಕಿತಲ್ಲ ಎಂದು ಸಮಾಧಾನಪಡುವಷ್ಟರಲ್ಲಿ ನೆನಪಾಯಿತು, ಮೋಹಿನಿ ಎಂದರೆ ವಿಷ್ಣುವೇ. ಅಲ್ಲೂ ಗಂಡಸೇ. ಸೀಮೆಸುಣ್ಣ ಮುರಿದು ಎರಡಾಯಿತು. ಮುಂದಿನ ಬೆಂಚಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎರಡು ವಾರದ ನಂತರ ಗೋಪಿನಾಥ್ ತಮ್ಮ ಮನೆಗೆ ಕರೆದರು. ಶುಕ್ರವಾರ ಮಧ್ಯಾಹ್ನದ ಊಟ, ಅದೇ ಜನ. ನಾವು ಹೋಗುವಷ್ಟರಲ್ಲಿ ಹಾಲಿನ ಮೇಜಿನ ಮೇಲೆ ಜಿನ್, ವರ್ಮತ್, ಜಗ್ಗು, ಚಮಚ ಎಲ್ಲ ಸಾಲಾಗಿ ಕೂತಿದ್ದವು. ಶಾಂತಲಾ ಐಸ್ ತಂದಿಟ್ಟು ಗೋಡೆಯ ಪಕ್ಕ ನಿಂತರು.

"ಇವತ್ತು ಶ್ರೀಧರ್ ಸ್ಪೆಷಲ್. ಎಲ್ಲರ ಎದುರಿಗೇ ಮಾಡ್ಬೇಕು. ಯಲ್ಲಾ ಶ್ರೀಧರ್, ಬನ್ನಿ," ಎಂದು ಅರಬ್ಬರಂತೆ ಅವಸರಪಡಿಸಿದರು ಗೋಪಿನಾಥ್.

ಇವರು ನನ್ನತ್ತ ನೋಡಿದರು. ನಾನು ಸೋಫಾದಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು ಕುಳಿತೆ. ಆ ಎರಡು ನಿಮಿಷ ನಾನು ಒಳ್ಳೆಯ ಹೆಂಡತಿಯಾಗಿರಲಿಲ್ಲ, ಬಹಳ ಸಂತೋಷವಾಗಿದ್ದೆ.

ಇವರು ವರ್ಮತ್ ಬಾಟಲಿ ತೆಗೆದು ಒಗ್ಗರಣೆಗೆ ಎಣ್ಣೆ ಹಾಕುವಂತೆ ಸುರಿದರು. ಮೇಲೆ ಜಿನ್. ಆಮೇಲೆ ಐಸ್ ನೆನಪಾಯಿತು. ಚಮಚ ಜಗ್ಗಿಗೆ ಬಡಿದು ಬಡಿದು ದೇವರ ಮನೆಯ ಗಂಟೆಯಂತೆ ಸದ್ದು ಮಾಡಿತು. ಕತ್ತಿನ ಹಿಂದೆ ಬೆವರು. ಕಣ್ಣಳತೆಯಲ್ಲೇ ಇಂಗು ಹಾಕುವ ಆ ಕೈ ಅಳತೆ ತಪ್ಪುವುದನ್ನು ನಾನು ಮೊದಲ ಬಾರಿಗೆ ನೋಡಿದೆ. ಸಂತೋಷ ಅಲ್ಲಿಗೆ ನಿಂತಿತು. ಎದ್ದು ಹೋಗಲೇ ಎಂದುಕೊಳ್ಳುವಷ್ಟರಲ್ಲಿ ಇವರು ಚಮಚ ಕೆಳಗಿಟ್ಟರು.

"ಸರ್, ನನಗೆ ಇದು ಬರಲ್ಲ. ನಾನು ಕುಡಿಯೋನೂ ಅಲ್ಲ. ಅವತ್ತು ಮಾಡಿದ್ದು ನನ್ನ ಹೆಂಡ್ತಿ ವಸುಧಾ. ನಾನು ಸುಮ್ಮನೆ ಹೂಂ ಅಂದೆ." ಅದರ ಹಿಂದೆಯೇ ಸೇರಿಸಿದರು, "ಸಾರು ನಾನು ಮಾಡಿದ್ದು."

ಅಬುಧಾಬಿ ಕೈತಪ್ಪಿ ದೂರ ಹೋಗುವುದು ನನಗೆ ಕಾಣಿಸಿದಂತಾಯಿತು. ನಾನು ಎದ್ದು ಹೋಗಿ ಜಗ್ಗನ್ನು ಸಿಂಕಿಗೆ ಬಗ್ಗಿಸಿ, ತೊಳೆದು, ಹೊಸದಾಗಿ ಐಸ್ ತುಂಬಿದೆ.

ಗೋಪಿನಾಥ್ ಇವರತ್ತ ತಿರುಗಿದರು. "ಆ ಸಾರು ನೀವು ಮಾಡಿದ್ದಾ ಶ್ರೀಧರ್?"

"ಹೌದು ಸರ್."

"ಪುಡಿ?"

"ಪುಡೀನೂ ನಾನೇ ಸರ್."

ಮೂವರು ಗಂಡಸರೂ ಇವರನ್ನು ಸುತ್ತುವರಿದರು. ಇಂಗು ಗಟ್ಟಿಯದೋ ಪುಡಿಯೋ, ಮೆಣಸು ಎಷ್ಟು, ಬೇಳೆ ಕಟ್ಟು ಯಾವಾಗ. ಗಂಡಸಾಗಿ ಸಾರು ಮಾಡುವುದು ದೊಡ್ಡ ಗುಣ ಎಂದು ಒಬ್ಬರು, ಇಂಥವರೇ ಏನು ಕೊಟ್ಟರೂ ನಿಭಾಯಿಸುತ್ತಾರೆ ಎಂದು ಇನ್ನೊಬ್ಬರು. ಅವರ ಬೆನ್ನ ಹಿಂದೆ ನಾನು ಜೀವಮಾನದಲ್ಲೇ ಅತ್ಯುತ್ತಮವಾದ ಮಾರ್ಟಿನಿ ಕಲಕುತ್ತಿದ್ದೆ. ಒಬ್ಬರೂ ತಿರುಗಲಿಲ್ಲ. ಲೋಟಗಳನ್ನು ಕೈಗೆ ಕೊಟ್ಟೆ. ಧನಿಯಾ ಬಗ್ಗೆ ಮಾತಾಡುತ್ತಲೇ ತೆಗೆದುಕೊಂಡರು. ಸುಳ್ಳಿದ್ದಾಗಲೂ ಇವರಿಗೇ ಹೊಗಳಿಕೆ, ಸತ್ಯ ಹೊರಬಂದಾಗಲೂ ಇವರಿಗೇ.

ನನ್ನ ಪಕ್ಕ ಬಂದು ನಿಂತವರು ಶಾಂತಲಾ ಒಬ್ಬರೇ.

"ಎಷ್ಟು ಹೊತ್ತು ತಿರುಗಿಸ್ಬೇಕು?" ಎಂದು ಮೆಲ್ಲಗೆ ಕೇಳಿದರು.

"ಜಗ್ಗಿನ ಹೊರಗಡೆ ಬೆವರು ಬರ್ಬೇಕು. ಮುಟ್ಟಿದ್ರೆ ಕೈಗೆ ತಣ್ಣಗೆ ಕಚ್ಚಬೇಕು."

ಅವರು ನನ್ನ ಕೈಯಿಂದ ಚಮಚ ತೆಗೆದುಕೊಂಡರು. ಐಸು ಒಮ್ಮೆಯೂ ಸದ್ದು ಮಾಡಲಿಲ್ಲ. "ಹನ್ನೊಂದು ವರ್ಷದಿಂದ ಬರೀ ಐಸ್ ತಂದುಕೊಡ್ತಿದೀನಿ," ಎಂದರು.

ಅಬುಧಾಬಿ ಇವರಿಗೇ ಸಿಕ್ಕಿತು. ಸಾರಿನಿಂದ ಸಿಕ್ಕಿದ್ದು ಎಂದು ನಾನು, ಸತ್ಯ ಹೇಳಿದ್ದರಿಂದ ಎಂದು ಇವರು. ಈ ಜಗಳ ಮುಗಿದಿಲ್ಲ. ನಾವು ಅಲ್ಲಿಗೆ ಹೋಗಿ ಆರು ತಿಂಗಳಾಗಿರಬಹುದು, ಒಂದು ಸಂಜೆ ಶಾಂತಲಾ ಫೋನ್ ಮಾಡಿದರು.

"ವಸುಧಾ ಅವ್ರೇ, ಈಗ ಪ್ರತಿ ವಾರ ಮಾಡ್ತೀನಿ. ಚೆನ್ನಾಗಿ ಬರುತ್ತೆ."

ನನ್ನ ಒಳಗಿನ ಹಳೆಯ ಸಿಟ್ಟು ಕಿವಿ ನೆಟ್ಟಗೆ ಮಾಡಿತು. "ಗೋಪಿನಾಥ್ ಸರ್ ಏನಂದ್ರು? ನೀವು ಮಾಡಿದ್ದು ಅಂತ ಎಲ್ಲರಿಗೂ ಹೇಳ್ತಾರಾ?"

"ಅವ್ರಿಗೆಲ್ಲಿ ಗೊತ್ತು? ನಾನು ಮಾಡೋದು ಒಂದೇ ಲೋಟ," ಎಂದರು ಶಾಂತಲಾ. ಆಚೆ ಕಡೆ ಒಂದು ಗುಟುಕು ಇಳಿದ ಸದ್ದು ಕೇಳಿತು. "ಬಚ್ಚಿಟ್ಟಿಲ್ಲ. ಕೇಳಿದ್ರೆ ಹೇಳ್ತೀನಿ. ಇನ್ನೂ ಯಾರೂ ಕೇಳಿಲ್ಲ."